ಮ್ಯೂಸ್‌ಸ್ಕೋರ್‌ನಲ್ಲಿ ಗುರುತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಹೇಗೆ: ಕ್ವಾಯರ್‌ಗೆ ನೊಟೇಶನ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

"ಮಾರಾಯ್ರೆ, ಈ ಪಿ ಯಾರಿಗೆ? ನಮಗೋ, ಟೆನರ್‌ನವರಿಗೋ?"

ಮಂಗಳೂರಿನ ಬಲ್ಮಠದ ಹತ್ತಿರ ನಮ್ಮ ಕ್ವಾಯರ್ ಅಭ್ಯಾಸ ಮಾಡುವ ಕೋಣೆಯಲ್ಲಿ ಆಲ್ಟೋ ಸಾಲಿನ ಆಂಟಿಯೊಬ್ಬರು ಹಾಳೆ ಎತ್ತಿ ಹಿಡಿದು ಕೇಳಿದ ಪ್ರಶ್ನೆ ಇದು. ನಮ್ಮ ಹಾಳೆಯಲ್ಲಿ ನಾಲ್ಕು ಧ್ವನಿಗಳು ಮೇಲಿನಿಂದ ಕೆಳಕ್ಕೆ ಸೊಪ್ರಾನೋ, ಆಲ್ಟೋ, ಟೆನರ್, ಬಾಸ್ ಎಂದು ಬರುತ್ತವೆ. ಡಿಸೆಂಬರ್ ಮೊದಲ ವಾರ. ಮ್ಯೂಸ್‌ಸ್ಕೋರ್ ಎಂಬ ನೊಟೇಶನ್ ಬರೆಯುವ ಸಾಫ್ಟ್‌ವೇರ್‌ನಲ್ಲಿ ಕ್ರಿಸ್ಮಸ್ ಹಾಡುಗಳನ್ನು ಬರೆದು, ಪ್ರಿಂಟ್ ತೆಗೆದು ಹಂಚಿದ್ದು ನಾನು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೆಲ್ಲಗೆ ಹಾಡಿ ಎಂದು ಹೇಳುವ ಆ ಪಿ ಅಕ್ಷರ ಆಲ್ಟೋ ಸ್ಟಾಫ್‌ನ (ನೋಟ್ ಬರೆಯುವ ಐದು ಗೆರೆಗಳ ಪಟ್ಟಿಯ) ಕೆಳಗೆ, ಸಾಹಿತ್ಯದ ಸಾಲಿಗೂ ಕೆಳಗೆ ಹೋಗಿ ಕೂತಿತ್ತು. ಅಲ್ಲಿಂದ ಅದಕ್ಕೆ ಟೆನರ್ ಸ್ಟಾಫೇ ಹತ್ತಿರ. ಹಾಗಾಗಿ ಟೆನರ್‌ನವರು ಮೆಲ್ಲಗೆ ಹಾಡಿದರು, ಆಲ್ಟೋದವರು ಜೋರಾಗಿ ಹಾಡಿದರು.

ಆ ರಾತ್ರಿ ಕೂತು ಒಂದೊಂದೇ ಗುರುತನ್ನು ಮೌಸ್‌ನಲ್ಲಿ ಹಿಡಿದು ಮೇಲಕ್ಕೆ ಎಳೆದೆ. ನಾಲ್ಕು ಪುಟ. ಮುಗಿಯುವಾಗ ಹನ್ನೆರಡು ಗಂಟೆ. ಮರುವಾರ ಹಿರಿಯರು "ಅಕ್ಷರ ಸ್ವಲ್ಪ ದೊಡ್ಡದು ಮಾಡಿ" ಎಂದರು. ಸ್ಟಾಫ್ ಗಾತ್ರ ಹೆಚ್ಚಿಸಿದೆ. ಒಂದು ಸಾಲಿನಲ್ಲಿ ನಾಲ್ಕು ಬಾರ್ (ಎರಡು ನೆಟ್ಟನೆಯ ಗೆರೆಗಳ ನಡುವಿನ ಭಾಗ) ಇದ್ದದ್ದು ಮೂರಾಯಿತು, ಬಾರ್‌ಗಳೆಲ್ಲ ಸಾಲಿನಿಂದ ಸಾಲಿಗೆ ಸರಿದವು. ನಾನು ಎಳೆದಿಟ್ಟ ಗುರುತುಗಳು ಮಾತ್ರ ಹಳೆಯ ನೆರೆಹೊರೆಯನ್ನೇ ನೆನಪಿಟ್ಟುಕೊಂಡು, ಈಗ ಯಾವುದೂ ಅಡ್ಡ ಇಲ್ಲದ ಕಡೆಯಲ್ಲೂ ಎತ್ತರಕ್ಕೆ ಏರಿ ನಿಂತವು. ಕೆಲಸ ಪೂರ್ತಿ ಮತ್ತೆ ಮಾಡಬೇಕಾಯಿತು.

ಅಲ್ಲಿಂದ ಮುಂದೆ ನಾನು ಗುರುತನ್ನು ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಸಾಫ್ಟ್‌ವೇರ್ ಇದನ್ನು ಇಲ್ಲಿ ಯಾಕೆ ಇಟ್ಟಿತು? ಕಾರಣ ಗೊತ್ತಾದರೆ ಹತ್ತರಲ್ಲಿ ಒಂಬತ್ತು ಸಲ ಎಳೆಯಬೇಕಾಗಿಯೇ ಬರುವುದಿಲ್ಲ. ಈ ಮಾರ್ಗದರ್ಶಿ ಪೂರ್ತಿ ಆ ಕಾರಣಗಳ ಬಗ್ಗೆ, ನಾನು ಕೆಲಸ ಮಾಡುವ ಕ್ರಮದಲ್ಲೇ.

ಉದಾಹರಣೆಗಳು ಮ್ಯೂಸ್‌ಸ್ಕೋರ್ 4ರವು. ಅದು ಉಚಿತ, ನಮ್ಮಲ್ಲಿ ಜಾಸ್ತಿ ಜನ ಬಳಸುವುದೂ ಅದನ್ನೇ. ಮೆನು ಇಂಗ್ಲಿಷಿನಲ್ಲಿದೆ, ಇಲ್ಲಿ ಆ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಡೊರಿಕೊ, ಸಿಬೇಲಿಯಸ್, ಲಿಲಿಪಾಂಡ್ ಬಳಸುವವರಿಗೆ ಬಟನ್‌ಗಳ ಹೆಸರು ಬೇರೆ. ಒಳಗಿನ ಲೆಕ್ಕ ಹೆಚ್ಚುಕಮ್ಮಿ ಇದೇ.

ಮೊದಲು ಅಳತೆ: ಒಂದು ಸ್ಪೇಸ್ ಎಂದರೆ ಎಷ್ಟು

ಐದು ಗೆರೆಗಳ ಸ್ಟಾಫ್‌ನಲ್ಲಿ ಎರಡು ಗೆರೆಗಳ ನಡುವಿನ ಅಂತರಕ್ಕೆ ಸ್ಪೇಸ್ ಅನ್ನುತ್ತಾರೆ. ಸಾಫ್ಟ್‌ವೇರ್‌ಗೆ ಇದೇ ಗಜಕಡ್ಡಿ. ನೋಟ್‌ನ ತಲೆ ಒಂದು ಸ್ಪೇಸ್ ಎತ್ತರ. ಸ್ಟೆಮ್, ಅಂದರೆ ನೋಟ್‌ನ ಕಡ್ಡಿ, ಸಾಮಾನ್ಯವಾಗಿ ಮೂರೂವರೆ ಸ್ಪೇಸ್. ಪಿ, ಎಫ್ (ಜೋರಾಗಿ ಹಾಡಿ), ಫರ್ಮಾಟಾ (ಸ್ವರವನ್ನು ಹಿಡಿದು ನಿಲ್ಲಿಸಿ) ಎಲ್ಲವೂ ಎಷ್ಟು ದೂರದಲ್ಲಿ ಇರಬೇಕು ಎನ್ನುವುದು ಮಿಲಿಮೀಟರ್‌ನಲ್ಲಿ ಅಲ್ಲ, ಸ್ಪೇಸ್‌ನಲ್ಲಿ. ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಸಂಖ್ಯೆಗಳ ಪಕ್ಕ ಎಸ್‌ಪಿ ಎಂದು ಕಾಣುವುದು ಇದೇ.

ಮ್ಯೂಸ್‌ಸ್ಕೋರ್ 4ರಲ್ಲಿ ಹೊಸ ಸ್ಕೋರ್ ತೆರೆದರೆ ಒಂದು ಸ್ಪೇಸ್ 1.75 ಮಿಲಿಮೀಟರ್ ಇರುತ್ತದೆ. ಐದು ಗೆರೆಗೆ ನಾಲ್ಕು ಸ್ಪೇಸ್, ಅಂದರೆ ಸ್ಟಾಫ್‌ನ ಎತ್ತರ 7 ಮಿಲಿಮೀಟರ್. ಫಾರ್ಮ್ಯಾಟ್ ಮೆನುವಿನ ಪೇಜ್ ಸೆಟ್ಟಿಂಗ್ಸ್‌ನಲ್ಲಿ ಇದನ್ನು 2 ಮಿಲಿಮೀಟರ್ ಮಾಡಿದರೆ ಸ್ಟಾಫ್ 8 ಮಿಲಿಮೀಟರ್ ಆಗುತ್ತದೆ, ಅದರ ಜೊತೆ ಎಲ್ಲ ದೂರಗಳೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಿರಿಯರು ಜಾಸ್ತಿ ಇರುವ ಕ್ವಾಯರ್‌ಗೆ ನಾನು 1.9ರಿಂದ 2ರ ನಡುವೆ ಇಡುತ್ತೇನೆ.

ಅಕ್ಷರಗಳ ವಿಷಯದಲ್ಲಿ ಒಂದು ಎಚ್ಚರ. ಪ್ರತಿ ಟೆಕ್ಸ್ಟ್ ಸ್ಟೈಲ್‌ಗೂ ಸ್ಟಾಫ್ ಗಾತ್ರವನ್ನು ಅನುಸರಿಸಬೇಕೋ ಬೇಡವೋ ಎಂಬ ಒಂದು ಟಿಕ್ ಇದೆ. ಸಾಹಿತ್ಯಕ್ಕೆ ಅದು ಹಾಕಿರಲಿ. ಇಲ್ಲದಿದ್ದರೆ ನೋಟ್ ಮಾತ್ರ ದೊಡ್ಡದಾಗಿ ಸಾಹಿತ್ಯ ಮೊದಲಿನಷ್ಟೇ ಸಣ್ಣದಾಗಿ ಉಳಿಯುತ್ತದೆ.

ಗುರುತು ಮುಟ್ಟುವ ಮೊದಲು ಪುಟ ಕಟ್ಟಿ

ಕೆಲಸದ ಕ್ರಮ ಬಹಳ ಮುಖ್ಯ. ನನ್ನ ಕ್ರಮ ಇದು: ಮೊದಲು ಎಲ್ಲ ನೋಟ್, ಆಮೇಲೆ ಎಲ್ಲ ಸಾಹಿತ್ಯ, ಆಮೇಲೆ ಸ್ಟಾಫ್ ಗಾತ್ರ, ಆಮೇಲೆ ಸಾಲು ಎಲ್ಲಿ ಮುರಿಯಬೇಕು ಎನ್ನುವುದು. ಗುರುತುಗಳ ತಿದ್ದುಪಡಿ ಕೊನೆಗೆ.

ಯಾಕೆಂದರೆ ಸಾಫ್ಟ್‌ವೇರ್ ಮೊದಲು ಅಡ್ಡಕ್ಕೆ ಲೆಕ್ಕ ಹಾಕುತ್ತದೆ. ಪ್ರತಿ ನೋಟ್‌ಗೆ ಅದರ ಕಾಲಕ್ಕೆ ತಕ್ಕ ಜಾಗ ಕೊಡುತ್ತದೆ. ಎರಡು ಪಟ್ಟು ಕಾಲ ಇರುವ ನೋಟ್‌ಗೆ ಎರಡು ಪಟ್ಟು ಜಾಗ ಸಿಗುವುದಿಲ್ಲ, ಅದಕ್ಕಿಂತ ಕಡಿಮೆ ಸಿಗುತ್ತದೆ. ನಂತರ ಕೆಳಗಿನ ಸಾಹಿತ್ಯದ ಅಕ್ಷರ ಅಗಲವಾಗಿದ್ದರೆ ನೋಟ್‌ಗಳನ್ನು ಪಕ್ಕಕ್ಕೆ ತಳ್ಳುತ್ತದೆ. ನಮ್ಮ ಸ್ತೋ, ಜ್ಯೋ ತರಹದ ಅಕ್ಷರಗಳು ಇಂಗ್ಲಿಷಿನ ಅನೇಕ ಸಿಲಬಲ್‌ಗಳಿಗಿಂತ ಅಗಲ. ಹಾಗಾಗಿ ಅದೇ ರಾಗಕ್ಕೆ ಕನ್ನಡ ಸಾಹಿತ್ಯ ಹಾಕಿದ ಕೂಡಲೇ ಒಂದು ಸಾಲಿನಲ್ಲಿ ಹಿಡಿಯುವ ಬಾರ್ ಕಡಿಮೆಯಾಗುವುದುಂಟು. ಸಾಹಿತ್ಯ ಹಾಕುವ ಮೊದಲು ಸರಿಪಡಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಸಾಲು ಮುರಿಯಲು ಬಾರ್ ಗೆರೆಯನ್ನು ಆರಿಸಿ ಎಂಟರ್ ಒತ್ತಿ. ಪುಟ ಮುರಿಯಲು ಕಂಟ್ರೋಲ್ ಜೊತೆ ಎಂಟರ್. ಸಾಹಿತ್ಯದ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ಸ್ಟಾಫ್ ಸಾಲನ್ನೂ ಮುರಿದರೆ ಹಾಡುವವರಿಗೆ ಉಸಿರಿನ ಜಾಗ ಕಣ್ಣಿಗೇ ಕಾಣುತ್ತದೆ.

ಗುರುತು ಯಾರ ಕೈ ಹಿಡಿದಿದೆ

ಈಗ ಮುಖ್ಯ ವಿಷಯ. ಪುಟದ ಮೇಲೆ ಯಾವ ಗುರುತೂ ಸುಮ್ನೆ ತೇಲುತ್ತಿರುವುದಿಲ್ಲ. ಪ್ರತಿಯೊಂದೂ ಒಂದು ನೋಟ್‌ಗೋ, ಒಂದು ಬೀಟ್‌ಗೋ, ಒಂದು ಬಾರ್‌ಗೋ ಕಟ್ಟಿರುತ್ತದೆ. ಗುರುತನ್ನು ಹಿಡಿದು ಎಳೆದು ನೋಡಿ, ಒಂದು ಚುಕ್ಕಿ ಗೆರೆ ಕಾಣುತ್ತದೆ. ದನಕ್ಕೆ ಗೂಟ ಇದ್ದ ಹಾಗೆ. ಗೆರೆಯ ಇನ್ನೊಂದು ತುದಿಯಲ್ಲಿ ಇರುವುದೇ ಅದರ ಗೂಟ.

ಮೂರನೇ ಬೀಟ್‌ನಲ್ಲಿ ಬರಬೇಕಾದ ಎಫ್ ತಪ್ಪಿ ಒಂದನೇ ಬೀಟ್‌ಗೆ ಬಿದ್ದಿದೆ ಅಂದುಕೊಳ್ಳಿ. ಮೌಸ್‌ನಲ್ಲಿ ಎಳೆದು ಮೂರನೇ ನೋಟ್‌ನ ಮೇಲೆ ಇಟ್ಟರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಆದರೆ ಗೂಟ ಇನ್ನೂ ಒಂದನೇ ನೋಟ್‌ನಲ್ಲೇ ಉಳಿದಿರಬಹುದು. ಪ್ಲೇ ಮಾಡಿದರೆ ಒಂದನೇ ಬೀಟ್‌ನಿಂದಲೇ ಜೋರು ಕೇಳುತ್ತದೆ. ಸಾಲು ಸರಿದಾಗ ಗುರುತು ಮತ್ತೆ ಎಲ್ಲೋ ಹೋಗಿ ನಿಲ್ಲುತ್ತದೆ. ಇಂಥಲ್ಲಿ ನಾನು ಮಾಡುವುದು ಇಷ್ಟೇ: ಗುರುತನ್ನು ಕಟ್ ಮಾಡಿ, ಸರಿಯಾದ ನೋಟ್ ಆರಿಸಿ, ಪೇಸ್ಟ್ ಮಾಡುವುದು.

ಹೇರ್‌ಪಿನ್ (ಮೆಲ್ಲಗೆ ಜೋರು ಮಾಡು ಅಥವಾ ತಗ್ಗಿಸು ಎನ್ನುವ ಕವಲು ಗೆರೆ) ಮತ್ತು ಸ್ಲರ್‌ಗೆ (ನೋಟ್‌ಗಳನ್ನು ಜೋಡಿಸುವ ಬಾಗು ಗೆರೆಗೆ) ಎರಡು ಗೂಟ, ಶುರುವಿಗೆ ಒಂದು, ಕೊನೆಗೆ ಒಂದು. ಹೇರ್‌ಪಿನ್‌ನ ತುದಿಯ ಹಿಡಿಕೆಯನ್ನು ಆರಿಸಿ ಶಿಫ್ಟ್ ಜೊತೆ ಬಲ ಬಾಣ ಒತ್ತಿದರೆ ಗೂಟವೇ ಮುಂದಿನ ನೋಟ್‌ಗೆ ಹೋಗುತ್ತದೆ. ಶಿಫ್ಟ್ ಇಲ್ಲದೆ ಬಾಣ ಮಾತ್ರ ಒತ್ತಿದರೆ ಚಿತ್ರ ಸರಿಯುತ್ತದೆ, ಗೂಟ ಅಲ್ಲೇ ಇರುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ.

ಇನ್ನೊಂದು ಗೂಟದ ವಿಷಯ ಸ್ಟಾಫ್ ಟೆಕ್ಸ್ಟ್ ಮತ್ತು ಸಿಸ್ಟಮ್ ಟೆಕ್ಸ್ಟ್. ಸ್ಟಾಫ್ ಟೆಕ್ಸ್ಟ್ ಒಂದೇ ಸ್ಟಾಫ್‌ಗೆ ಸೇರಿದ್ದು. ಸಿಸ್ಟಮ್ ಟೆಕ್ಸ್ಟ್, ಟೆಂಪೋ (ವೇಗದ ಗುರುತು), ರಿಹರ್ಸಲ್ ಮಾರ್ಕ್ (ಅಭ್ಯಾಸಕ್ಕೆ ಜಾಗ ಹೇಳುವ ಅಕ್ಷರ) ಇವೆಲ್ಲ ಎಲ್ಲರಿಗೂ ಸೇರಿದ್ದು. ಕಾಣುವುದು ಮೇಲಿನ ಸ್ಟಾಫ್‌ನ ಮೇಲೆ ಮಾತ್ರ, ಆದರೆ ಟೆನರ್‌ನವರಿಗೆಂದು ಪಾರ್ಟ್ (ಅವರ ಸಾಲು ಮಾತ್ರ ಇರುವ ಹಾಳೆ) ಬೇರೆ ತೆಗೆದಾಗ ಅದರಲ್ಲೂ ತಾನಾಗಿ ಬರುತ್ತದೆ. "ಎರಡನೇ ಸಲ ನಿಧಾನವಾಗಿ" ಎಂಬುದನ್ನು ಸೊಪ್ರಾನೋ ಮೇಲೆ ಸ್ಟಾಫ್ ಟೆಕ್ಸ್ಟ್ ಆಗಿ ಬರೆದರೆ ಪೂರ್ತಿ ಸ್ಕೋರ್‌ನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಪಾರ್ಟ್ ತೆಗೆದಾಗ ಬಾಸ್‌ನವರ ಹಾಳೆಯಲ್ಲಿ ಆ ಸಾಲೇ ಇರುವುದಿಲ್ಲ, ಅವರು ಮೊದಲಿನ ವೇಗದಲ್ಲೇ ಹೋಗಿಬಿಡುತ್ತಾರೆ.

ಮೇಲೋ ಕೆಳಗೋ

ಗೂಟ ಸರಿಯಾದ ಮೇಲೆ ಬರುವುದು ಯಾವ ಬದಿ ಎಂಬ ಪ್ರಶ್ನೆ.

ಸ್ಟಕ್ಕಾಟೊ ಚುಕ್ಕಿ (ಚುಟುಕಾಗಿ), ಟೆನೂಟೊ ಗೆರೆ (ಪೂರ್ತಿ ಹಿಡಿದು), ಆಕ್ಸೆಂಟ್ (ಒತ್ತಿ) ಇವು ಸಾಮಾನ್ಯವಾಗಿ ನೋಟ್‌ನ ತಲೆಯ ಬದಿಗೆ, ಅಂದರೆ ಸ್ಟೆಮ್ ಇಲ್ಲದ ಬದಿಗೆ ಕೂರುತ್ತವೆ. ನಡುಗೆರೆಯ ಮೇಲೆ ಅಥವಾ ಅದಕ್ಕಿಂತ ಎತ್ತರದಲ್ಲಿರುವ ನೋಟ್‌ಗೆ ಸ್ಟೆಮ್ ಕೆಳಕ್ಕೆ, ಹಾಗಾಗಿ ಚುಕ್ಕಿ ಮೇಲೆ. ಕೆಳಗಿನ ನೋಟ್‌ಗೆ ಇದರ ತಿರುಗು. ಫರ್ಮಾಟಾ ಮಾತ್ರ ಸ್ಟೆಮ್ ಎಲ್ಲಿದ್ದರೂ ಮೇಲೆಯೇ.

ಒಂದೇ ಸ್ಟಾಫ್‌ನಲ್ಲಿ ಸೊಪ್ರಾನೋ ಮತ್ತು ಆಲ್ಟೋ ಎರಡನ್ನೂ ಬರೆದಾಗ ಈ ನಿಯಮ ಬದಲಾಗುತ್ತದೆ. ಆಗ ಸೊಪ್ರಾನೋ ಸ್ಟೆಮ್ ಎಲ್ಲ ಮೇಲಕ್ಕೆ, ಆಲ್ಟೋ ಸ್ಟೆಮ್ ಎಲ್ಲ ಕೆಳಕ್ಕೆ. ಇಬ್ಬರ ಗುರುತುಗಳೂ ಹೊರಬದಿಗೆ ಹೋಗಬೇಕು, ಇಲ್ಲದಿದ್ದರೆ ನಡುವಿನಲ್ಲಿ ಯಾವುದು ಯಾರದ್ದೆಂದು ಗೊತ್ತಾಗುವುದಿಲ್ಲ. ಆಲ್ಟೋದ ಫರ್ಮಾಟಾ ಕೂಡ ತಲೆಕೆಳಗಾಗಿ ಸ್ಟಾಫ್‌ನ ಕೆಳಗೆ ಬರುತ್ತದೆ. ಸಾಫ್ಟ್‌ವೇರ್ ಇದನ್ನು ಸರಿಯಾಗಿ ಮಾಡಬೇಕಾದರೆ ಸೊಪ್ರಾನೋವನ್ನು ವಾಯ್ಸ್ 1ರಲ್ಲಿ, ಆಲ್ಟೋವನ್ನು ವಾಯ್ಸ್ 2ರಲ್ಲಿ ಬರೆದಿರಬೇಕು. ಎರಡನ್ನೂ ವಾಯ್ಸ್ 1ರಲ್ಲೇ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಆಗಿ ಬರೆದರೆ ಅದಕ್ಕೆ ಇಬ್ಬರು ಹಾಡುವವರಿದ್ದಾರೆ ಎಂದು ಗೊತ್ತಾಗುವುದು ಹೇಗೆ, ಅಲ್ವಾ?

ಇನ್ನು ಆಂಟಿ ಕೇಳಿದ ಪಿ. ವಾದ್ಯಗಳ ಸ್ಟಾಫ್‌ಗೆ ಪಿ, ಎಫ್, ಹೇರ್‌ಪಿನ್ ಬರುವುದು ಕೆಳಗೆ. ಹಾಡುವ ಸ್ಟಾಫ್‌ಗೆ ಬರಬೇಕಾದದ್ದು ಮೇಲೆ. ಕಾರಣ ಸರಳ, ಕೆಳಗಿನ ಜಾಗವನ್ನು ಸಾಹಿತ್ಯ ಹಿಡಿದಿರುತ್ತದೆ. ನಿಮ್ಮ ಸ್ಕೋರ್‌ನಲ್ಲಿ ಅವು ಕೆಳಗಿದ್ದರೆ ಹೀಗೆ ಮಾಡಿ. ಒಂದು ಪಿ ಮೇಲೆ ರೈಟ್ ಕ್ಲಿಕ್, ಸೆಲೆಕ್ಟ್, ಆಮೇಲೆ ಆಲ್ ಸಿಮಿಲರ್ ಎಲಿಮೆಂಟ್ಸ್. ಎಲ್ಲ ಒಟ್ಟಿಗೆ ನೀಲಿ ಬಣ್ಣಕ್ಕೆ ತಿರುಗುತ್ತವೆ. ಎಕ್ಸ್ ಕೀ ಒತ್ತಿ. ಅಷ್ಟೂ ಸ್ಟಾಫ್‌ನ ಮೇಲಕ್ಕೆ ಹಾರುತ್ತವೆ. ಪಿಯಾನೋ ಸ್ಟಾಫ್ ಕೂಡ ಇದ್ದರೆ ಅದನ್ನು ಬಿಟ್ಟು ಆರಿಸಿ. ಹೇರ್‌ಪಿನ್‌ಗಳಿಗೂ ಹೀಗೇ. ನಾನು ಹನ್ನೆರಡು ಗಂಟೆವರೆಗೆ ಕೂತು ಮಾಡಿದ ಕೆಲಸ ಇಷ್ಟರಲ್ಲಿ ಮುಗಿಯುತ್ತಿತ್ತು. ಎಕ್ಸ್ ಒತ್ತಿ ಮೇಲೆ ಹೋದ ಗುರುತು ಎಳೆದ ಗುರುತಿನ ಹಾಗಲ್ಲ. ಬಾರ್ ಎಲ್ಲಿಗೆ ಸರಿದರೂ ತನ್ನ ಎತ್ತರವನ್ನು ತಾನೇ ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ.

ನಾಲ್ಕು ಧ್ವನಿ ಎರಡೇ ಸ್ಟಾಫ್‌ನಲ್ಲಿದ್ದು ಸಾಹಿತ್ಯ ನಡುವೆ ಬರುವ ಹಾಡುಗಳಲ್ಲಿ ಮಾತ್ರ ಮೇಲಿನ ಸ್ಟಾಫ್‌ನ ಪಿ ಮೇಲೆ, ಕೆಳಗಿನ ಸ್ಟಾಫ್‌ನ ಪಿ ಕೆಳಗೆ ಇಡುತ್ತೇನೆ. ನಡುವಿನ ಜಾಗ ಸಾಹಿತ್ಯಕ್ಕೇ ಬಿಡಬೇಕು.

ಎಷ್ಟು ದೂರ: ತೆಂಗಿನ ತೋಟದ ತುದಿ

ಬದಿ ನಿರ್ಧಾರವಾದ ಮೇಲೆ ದೂರ. ಈ ಭಾಗ ನನಗೆ ಬಹಳ ಇಷ್ಟ, ಯಾಕೆಂದರೆ ಇಲ್ಲಿ ಸಾಫ್ಟ್‌ವೇರ್ ಮಾಡುವ ಕೆಲಸ ನಿಜಕ್ಕೂ ಚೆಂದ.

ದೂರದಿಂದ ತೆಂಗಿನ ತೋಟವನ್ನು ನೋಡಿದರೆ ಆಕಾಶಕ್ಕೆ ತಾಗಿದ ಒಂದು ಏರುತಗ್ಗಿನ ಅಂಚು ಕಾಣುತ್ತದೆ. ಎತ್ತರದ ಮರ ಇದ್ದಲ್ಲಿ ಏರು, ಗಿಡ್ಡ ಮರ ಇದ್ದಲ್ಲಿ ತಗ್ಗು. ಸಾಫ್ಟ್‌ವೇರ್ ಪ್ರತಿ ಸ್ಟಾಫ್‌ಗೂ ಇಂಥ ಎರಡು ಅಂಚು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ, ಮೇಲೆ ಒಂದು, ಕೆಳಗೆ ಒಂದು. ಅದಕ್ಕೆ ಸ್ಕೈಲೈನ್ ಅನ್ನುತ್ತಾರೆ. ಮೊದಲು ನೋಟ್, ಸ್ಟೆಮ್, ಸ್ಟೆಮ್‌ಗಳನ್ನು ಜೋಡಿಸುವ ದಪ್ಪ ಪಟ್ಟಿಯಾದ ಬೀಮ್ ಸೇರಿ ಅಂಚು ಆಗುತ್ತದೆ. ಅದರ ಮೇಲೆ ಚುಕ್ಕಿ, ಆಕ್ಸೆಂಟ್ ಕೂತು ಅಂಚು ಅಷ್ಟು ಏರುತ್ತದೆ. ಮುಂದೆ ಸ್ಲರ್, ಪಿ ಮತ್ತು ಹೇರ್‌ಪಿನ್, ಬರಹ, ಕಾರ್ಡ್ ಹೆಸರು, ರಿಪೀಟ್ ಬ್ರ್ಯಾಕೆಟ್, ಟೆಂಪೋ, ರಿಹರ್ಸಲ್ ಮಾರ್ಕ್. ಬಂದದ್ದೆಲ್ಲ ಅಲ್ಲಿಯವರೆಗಿನ ಅಂಚಿನ ಮೇಲೆ ಕೂರುತ್ತದೆ, ಕೂತ ಮೇಲೆ ತಾನೂ ಅಂಚಿನ ಭಾಗವಾಗುತ್ತದೆ.

ಒಳಗಿನಿಂದ ಹೊರಕ್ಕೆ ಎಂಬ ಈ ಸರದಿ ಹಾಡುವವರ ಕಣ್ಣಿನ ಲೆಕ್ಕ. ಒಂದು ನೋಟ್‌ಗೆ ಮಾತ್ರ ಸೇರಿದ ಗುರುತು ಆ ನೋಟ್‌ಗೆ ಅಂಟಿಕೊಂಡೇ ಇರಬೇಕು. ಕೆಲವು ನೋಟ್‌ಗಳಿಗೆ ಸೇರಿದ್ದು ಸ್ವಲ್ಪ ಆಚೆ. ಇಡೀ ಹಾಡಿಗೆ ಸೇರಿದ್ದು ಎಲ್ಲಕ್ಕಿಂತ ಹೊರಗೆ. ಕಂಪ್ಯೂಟರ್ ಬರುವ ಮೊದಲು ಮೆತ್ತನೆಯ ಲೋಹದ ತಗಡಿನ ಮೇಲೆ ಐದು ಹಲ್ಲಿನ ಉಪಕರಣದಿಂದ ಗೆರೆ ಎಳೆದು, ನೋಟ್‌ಗಳನ್ನು ತಿರುಗುಮುರುಗಾಗಿ ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಿದ್ದ ಕುಶಲಕರ್ಮಿಗಳು ರೂಢಿಸಿದ ಕಣ್ಣಳತೆ ಇದು. ಈಗಿನ ಸಾಫ್ಟ್‌ವೇರ್ ಅದನ್ನೇ ಸಂಖ್ಯೆಗೆ ಇಳಿಸಿದೆ. 1996ರಲ್ಲಿ ಶುರುವಾದ ಲಿಲಿಪಾಂಡ್‌ನಲ್ಲಿ ಇದು ನೇರವಾಗಿಯೇ ಕಾಣುತ್ತದೆ. ಅಲ್ಲಿ ಹೊರಗೆ ಕೂರುವ ಗುರುತುಗಳಿಗೆ ಒಂದು ಸರದಿ ಸಂಖ್ಯೆ ಇದೆ: ಪಿ, ಎಫ್ ಸಾಲಿಗೆ 250, ಬರಹಕ್ಕೆ 450, ರಿಪೀಟ್ ಬ್ರ್ಯಾಕೆಟ್‌ಗೆ 600, ರಿಹರ್ಸಲ್ ಮಾರ್ಕ್‌ಗೆ 1500. ಸಣ್ಣ ಸಂಖ್ಯೆ ಸ್ಟಾಫ್‌ಗೆ ಹತ್ತಿರ. ಮ್ಯೂಸ್‌ಸ್ಕೋರ್‌ಗೆ ಈ ತಾನಾಗಿ ಕೂರಿಸುವ ವ್ಯವಸ್ಥೆ ಬಂದದ್ದು 2018ರ ಕೊನೆಗೆ, 3ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಡಿಕ್ಕಿ ಹೊಡೆದದ್ದನ್ನೆಲ್ಲ ಕೈಯಿಂದಲೇ ಬಿಡಿಸಬೇಕಿತ್ತು.

ಮ್ಯೂಸ್‌ಸ್ಕೋರ್‌ನಲ್ಲಿ ದೂರಕ್ಕೆ ಎರಡು ಸಂಖ್ಯೆ ಇವೆ. ಇವೆರಡನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಬಹಳ ಅನುಕೂಲ. ಒಂದು, ಗುರುತು ಕೂರಲು ಇಷ್ಟಪಡುವ ಜಾಗ. ಅಡ್ಡಿ ಇಲ್ಲದಿದ್ದರೆ ಸ್ಟಾಫ್‌ನಿಂದ ಇಷ್ಟು ದೂರ ಎಂಬ ಲೆಕ್ಕ. ಇನ್ನೊಂದು ಮಿನಿಮಮ್ ಡಿಸ್ಟನ್ಸ್, ಅಂದರೆ ನೆರೆಯ ಗುರುತಿಗೆ ಎಷ್ಟು ಹತ್ತಿರ ಬರಬಹುದು ಎಂಬ ಮಿತಿ. ಮೊದಲನೆಯದು ಗುರುತುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಎರಡನೆಯದು ಅಡ್ಡಿ ಬಂದಾಗ ಒಂದೊಂದನ್ನೇ ಮೇಲಕ್ಕೆ ತಳ್ಳುತ್ತದೆ.

ಹತ್ತಿರದಿಂದ ಒಂದು ಉದಾಹರಣೆ ನೋಡೋಣ. ಗಿಟಾರ್ ನುಡಿಸುವ ಹುಡುಗನಿಗಾಗಿ ಸೊಪ್ರಾನೋ ಮೇಲೆ ಕಾರ್ಡ್ ಹೆಸರು ಹಾಕಿದ್ದೇವೆ. ಸ್ಟಾಫ್‌ನ ಮೇಲ್ಗೆರೆಯಿಂದ ಎರಡೂವರೆ ಸ್ಪೇಸ್ ಎತ್ತರದಲ್ಲಿ ಅವು ನಿಲ್ಲಬೇಕು. ಹಾಡಿನ ಕೊನೆಯಲ್ಲಿ ಸೊಪ್ರಾನೋ ಮೇಲಿನ ಎ ಸ್ವರಕ್ಕೆ ಹೋಗುತ್ತದೆ. ಅದು ಸ್ಟಾಫ್‌ನ ಮೇಲಿನ ಮೊದಲ ತುಂಡುಗೆರೆಯ ಮೇಲೆ ಕೂರುವ ನೋಟ್. ಅದರ ತಲೆಯ ತುದಿ ಮೇಲ್ಗೆರೆಯಿಂದ ಒಂದೂವರೆ ಸ್ಪೇಸ್. ಇಲ್ಲಿಗೆ ಕಾರ್ಡ್ ಹೆಸರಿಗೆ ತೊಂದರೆ ಇಲ್ಲ. ಆ ನೋಟ್ ಮೇಲೆ ಫರ್ಮಾಟಾ ಇಟ್ಟಿರಿ. ಅರ್ಧ ಸ್ಪೇಸ್ ಬಿಡುವು, ಮೇಲೆ ಫರ್ಮಾಟಾದ ಎತ್ತರ, ಒಟ್ಟು ಮೂರು ಸ್ಪೇಸ್ ದಾಟಿತು. ಈಗ ಆ ಒಂದು ಕಾರ್ಡ್ ಹೆಸರು ಮಾತ್ರ ಮೇಲಕ್ಕೆ ಹಾರುತ್ತದೆ, ಉಳಿದವು ಕೆಳಗೇ ಇರುತ್ತವೆ. ಗಿಟಾರ್‌ನವನ ಕಣ್ಣು ಸಾಲಿನ ಮೇಲೆ ಓಡುತ್ತಿರುವಾಗ ಕೊನೆಯ ಕಾರ್ಡ್ ಅವನಿಗೆ ತಪ್ಪಿಹೋಗುತ್ತದೆ.

ಇಲ್ಲಿ ಹಾರಿದ್ದನ್ನು ಕೆಳಗೆ ಎಳೆಯಬೇಡಿ. ಉಳಿದದ್ದನ್ನು ಮೇಲೆತ್ತಿ. ಫಾರ್ಮ್ಯಾಟ್, ಸ್ಟೈಲ್, ಕಾರ್ಡ್ ಸಿಂಬಲ್ಸ್‌ಗೆ ಹೋಗಿ ಎರಡೂವರೆ ಇದ್ದ ಎತ್ತರವನ್ನು ನಾಲ್ಕು ಅಥವಾ ನಾಲ್ಕೂವರೆ ಮಾಡಿ. ಎಲ್ಲವೂ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಏರುತಗ್ಗಾಗಿ ಕುಣಿಯುವ ಯಾವ ಗುರುತಿಗೂ ಇದೇ ಮದ್ದು. ಅದರ ಇಷ್ಟದ ಜಾಗವನ್ನು ಅತ್ಯಂತ ಎತ್ತರದ ಅಡ್ಡಿಗಿಂತ ಸ್ವಲ್ಪ ಮೇಲೆ ಇಟ್ಟುಬಿಡುವುದು.

ಸ್ಟಾಫ್‌ಗಳ ನಡುವಿನ ಅಂತರವೂ ಇದೇ ಅಂಚಿನಿಂದ ಹುಟ್ಟುತ್ತದೆ. ಮೇಲಿನ ಸ್ಟಾಫ್‌ನ ಕೆಳ ಅಂಚಿಗೂ ಕೆಳಗಿನ ಸ್ಟಾಫ್‌ನ ಮೇಲಂಚಿಗೂ ಡಿಕ್ಕಿಯಾದರೆ ಸಾಫ್ಟ್‌ವೇರ್ ಸ್ಟಾಫ್‌ಗಳನ್ನೇ ದೂರ ಸರಿಸುತ್ತದೆ. ಒಂದು ಪುಟದಲ್ಲಿ ಮೂರು ಸಾಲು ಹಿಡಿಯುವುದು ಇದ್ದಕ್ಕಿದ್ದಂತೆ ಎರಡಾದರೆ, ಎಲ್ಲೋ ಒಂದು ಗುರುತು ಬದಿ ತಪ್ಪಿ ಕೂತಿದೆ ಎಂದೇ ನಾನು ಮೊದಲು ಹುಡುಕುವುದು.

ಕನ್ನಡ ಸಾಹಿತ್ಯ, ಒತ್ತಕ್ಷರ

ಇಂಗ್ಲಿಷ್ ಪಾಠಗಳಲ್ಲಿ ಸಿಗದ ಭಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ತೋತ್ರ ಎಂಬ ಮಾತನ್ನು ತೆಗೆದುಕೊಳ್ಳಿ. ಎರಡೇ ಅಕ್ಷರ: ಸ್ತೋ, ತ್ರ. ಎರಡರ ಕೆಳಗೂ ಒತ್ತು ಇಳಿಯುತ್ತದೆ. ಕೆಳಗೆ ಎರಡನೇ ಚರಣದ ಸಾಲಿನಲ್ಲಿ ಪ್ರೀತಿ ಬಂದರೆ ಅದರ ಗುಡಿಸು ಮೇಲಕ್ಕೆ ಏರಿರುತ್ತದೆ. ಒಂದರ ಒತ್ತು, ಇನ್ನೊಂದರ ಗುಡಿಸು ಒಂದಕ್ಕೊಂದು ತಾಗುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲುವುದಿಲ್ಲ. ಮಂಗಳೂರಿನವರಿಗೆ ಈ ತೊಂದರೆ ಹೊಸದಲ್ಲ. ಬಾಸೆಲ್ ಮಿಶನ್ ಇಲ್ಲಿ ಮುದ್ರಣಾಲಯ ಶುರು ಮಾಡಿದ್ದು 1841ರಲ್ಲಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ಮಂಗಳೂರು ಸಮಾಚಾರ ಪತ್ರಿಕೆ ಕಲ್ಲಚ್ಚಿನಲ್ಲಿ ಬಂದದ್ದು. ಕಲ್ಲಚ್ಚಿಗೆ ಕೈಬರಹವೇ ಆಧಾರ, ಬರೆಯುವವರ ಕೈಯೇ ಒತ್ತಿಗೆ ಜಾಗ ಬಿಡುತ್ತದೆ. ಈಗ ಆ ಜಾಗವನ್ನು ನಾವು ಸಂಖ್ಯೆಯಲ್ಲಿ ಹೇಳಿಕೊಡಬೇಕು.

ಫಾರ್ಮ್ಯಾಟ್, ಸ್ಟೈಲ್, ಟೆಕ್ಸ್ಟ್ ಸ್ಟೈಲ್ಸ್‌ಗೆ ಹೋಗಿ. ಲಿರಿಕ್ಸ್ ಆಡ್ ಲೈನ್ಸ್, ಲಿರಿಕ್ಸ್ ಈವನ್ ಲೈನ್ಸ್ ಎಂದು ಎರಡು ಇವೆ. ಎರಡಕ್ಕೂ ಒಂದೇ ಕನ್ನಡ ಫಾಂಟ್ ಕೊಡಿ, ನೋಟೊ ಸೆರಿಫ್ ಕನ್ನಡ ಚೆನ್ನಾಗಿ ಕೂರುತ್ತದೆ. ಒಂದಕ್ಕೆ ಮಾತ್ರ ಕೊಟ್ಟರೆ ಒಂದನೇ ಚರಣ ಒಂದು ತರಹ, ಎರಡನೆಯದು ಇನ್ನೊಂದು ತರಹ ಕಾಣುತ್ತದೆ. ಆಮೇಲೆ ಅದೇ ಸ್ಟೈಲ್ ಕಿಟಕಿಯ ಲಿರಿಕ್ಸ್ ಪುಟದಲ್ಲಿ ಲೈನ್ ಹೈಟ್ ನೋಡಿ. ನಾನು ಅದನ್ನು ಶೇಕಡಾ 120ರ ಹತ್ತಿರ ಇಡುತ್ತೇನೆ. ಒತ್ತು ಜಾಸ್ತಿ ಇರುವ ಹಾಡಿಗೆ 130. ಚರಣ ಮೂರಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಹಾಡಿನ ಕೊನೆಗೆ ಪದ್ಯದ ಹಾಗೆ ಬರೆದುಬಿಡುವುದೇ ಒಳ್ಳೆಯದು. ಸ್ಟಾಫ್‌ನಿಂದ ತುಂಬ ಕೆಳಗಿರುವ ಸಾಲನ್ನು ನೋಟ್ ನೋಡುತ್ತಾ ಓದುವುದು ಕಷ್ಟ.

ಸಾಹಿತ್ಯ ತುಂಬುವಾಗ ಮಾತು ಮುಗಿದರೆ ಸ್ಪೇಸ್ ಬಾರ್, ಮಾತು ಮುಂದುವರಿದರೆ ಹೈಫನ್, ಒಂದೇ ಅಕ್ಷರವನ್ನು ಹಲವು ನೋಟ್‌ಗೆ ಎಳೆಯಬೇಕಾದರೆ ಅಂಡರ್‌ಸ್ಕೋರ್. ಇದು ಬರೀ ಟೈಪಿಂಗ್ ವಿಷಯ ಅಲ್ಲ, ಜಾಗದ ವಿಷಯವೂ ಹೌದು. ಒಂದು ನೋಟ್‌ಗೆ ಒಂದು ಅಕ್ಷರ ಇದ್ದರೆ ಅಕ್ಷರ ನೋಟ್‌ನ ನಡುವಿಗೆ ಬರುತ್ತದೆ. ಎಳೆಯುವ ಅಕ್ಷರವಾದರೆ ಅದರ ಎಡ ಅಂಚು ನೋಟ್‌ನ ಎಡ ಅಂಚಿಗೆ ಹೊಂದಿಕೊಂಡು, ಮುಂದಕ್ಕೆ ಗೆರೆ ಓಡುತ್ತದೆ. ಅಂಡರ್‌ಸ್ಕೋರ್ ಹಾಕದೆ ಸುಮ್ನೆ ನೋಟ್‌ಗಳನ್ನು ಖಾಲಿ ಬಿಟ್ಟರೆ ಈ ಎರಡೂ ಆಗುವುದಿಲ್ಲ, ಹಾಡುವವರು ಸಾಹಿತ್ಯ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ.

ಕರ್ತ ಎಂಬ ಮಾತನ್ನು ಒಡೆಯುವುದು ಹೇಗೆ? ಹಾಡುವಾಗ ಕೇಳುವುದು ಕರ್, ತ. ಬರೆಯುವುದು ಕ, ರ್ತ. ಕರ್ ಎಂದು ಒಡೆದು ಉದ್ದ ನೋಟ್ ಕೆಳಗೆ ಇಟ್ಟಾಗ ನಮ್ಮವರು ಆ ಅರ್ಧ ರ ವನ್ನು ಬೇಗನೇ ಹೇಳಿ ಮುಗಿಸಿ, ಉಳಿದ ಕಾಲ ಪೂರ್ತಿ ರ್ ಎಂದು ಎಳೆದದ್ದನ್ನು ಕೇಳಿದ್ದೇನೆ. ಕ ಇಟ್ಟು ಮುಂದಿನ ನೋಟ್‌ಗೆ ರ್ತ ಇಟ್ಟರೆ ಬಾಯಿ ತೆರೆದೇ ಇರುತ್ತದೆ, ರ ಕಾರ ಸರಿಯಾಗಿ ಕೊನೆಯ ಗಳಿಗೆಗೆ ಬೀಳುತ್ತದೆ. ಕನ್ನಡ ಓದುವ ಕಣ್ಣಿಗೂ ಅದೇ ರೂಢಿ. ಕ್ರಿಸ್ತ ಕೂಡ ಹಾಗೇ: ಕ್ರಿ, ಸ್ತ. ಒತ್ತಕ್ಷರ ಒಡೆಯಬಾರದು ಎನ್ನುವುದು ನನ್ನ ಪಟ್ಟು. ಪಕ್ಕದ ಚರ್ಚಿನ ಗೆಳೆಯರು ಒಡೆದು ಬರೆಯುತ್ತಾರೆ, ಅವರ ಕ್ವಾಯರ್‌ಗೆ ಅದೇ ಅಭ್ಯಾಸ. ಎರಡರಲ್ಲಿ ಯಾವುದೇ ಆಗಲಿ, ಒಂದು ಹಾಡಿನೊಳಗೆ ಬೆರಕೆ ಮಾಡಬೇಡಿ.

ಈಗ ಒಂದೇ ಒಂದನ್ನು ಸರಿಸಬೇಕಾದಾಗ

ಗೂಟ, ಬದಿ, ಸ್ಟೈಲ್ ಮೂರನ್ನೂ ನೋಡಿದ ಮೇಲೂ ಕೆಲವು ಗುರುತು ಕಣ್ಣಿಗೆ ಚುಚ್ಚುತ್ತವೆ. ಆಗ ಕೈ ಹಾಕಿ. ಗುರುತು ಆರಿಸಿ ಬಾಣದ ಕೀ ಒತ್ತಿದರೆ ಅದು 0.1 ಸ್ಪೇಸ್ ಸರಿಯುತ್ತದೆ, ಕಂಟ್ರೋಲ್ ಜೊತೆ ಒತ್ತಿದರೆ ಒಂದು ಸ್ಪೇಸ್. ಮೌಸ್‌ಗಿಂತ ಇದು ಒಳ್ಳೆಯದು, ಎಷ್ಟು ಸರಿಸಿದಿರಿ ಎಂಬ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ. ನೋಟ್ ಆರಿಸಿಕೊಂಡು ಮೇಲೆ ಕೆಳಗೆ ಬಾಣ ಒತ್ತಬೇಡಿ, ಸ್ವರವೇ ಬದಲಾಗುತ್ತದೆ.

ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಮತ್ತು ಅದರ ಅಪಿಯರೆನ್ಸ್ ಬಟನ್‌ನ ಒಳಗೆ ಆಫ್‌ಸೆಟ್, ಮಿನಿಮಮ್ ಡಿಸ್ಟನ್ಸ್, ಆಟೋಮ್ಯಾಟಿಕ್ ಪ್ಲೇಸ್‌ಮೆಂಟ್ ಎಂಬ ಟಿಕ್ ಎಲ್ಲ ಸಿಗುತ್ತವೆ. ಆಫ್‌ಸೆಟ್ ಎಂದರೆ ತನ್ನ ಸಹಜ ಜಾಗದಿಂದ ಎಷ್ಟು ಸರಿದಿದೆ ಎಂಬುದು. ಎರಡು ಗುರುತು ಇನ್ನಷ್ಟು ಹತ್ತಿರ ಬರಲು ಒಪ್ಪದಿದ್ದರೆ ಮೊದಲು ಮಿನಿಮಮ್ ಡಿಸ್ಟನ್ಸ್ ಕಡಿಮೆ ಮಾಡಿ ನೋಡಿ. ಆಟೋಮ್ಯಾಟಿಕ್ ಪ್ಲೇಸ್‌ಮೆಂಟ್ ಟಿಕ್ ತೆಗೆಯುವುದು ಕೊನೆಯ ದಾರಿ. ಅದನ್ನು ತೆಗೆದ ಕೂಡಲೇ ಆ ಗುರುತು ಅಂಚಿನ ಲೆಕ್ಕದಿಂದ ಹೊರಗೆ ಹೋಗುತ್ತದೆ. ಅದು ಬೇರೆಯವನ್ನು ನೋಡುವುದಿಲ್ಲ, ಬೇರೆಯವೂ ಅದನ್ನು ನೋಡುವುದಿಲ್ಲ. ನಾಳೆ ಪಕ್ಕದಲ್ಲಿ ಇನ್ನೊಂದು ಗುರುತು ಹಾಕಿದರೆ ಅದು ನೇರವಾಗಿ ಇದರ ಮೇಲೆಯೇ ಬಂದು ಕೂರುತ್ತದೆ.

ನಾನು ನಿಜವಾಗಿ ಕೈಯಿಂದ ತಿದ್ದುವುದು ಮುಖ್ಯವಾಗಿ ಎರಡನ್ನು. ಒಂದು, ಉದ್ದದ ಸ್ಲರ್. ಅದರ ಬಾಗು ನಡುವಿನ ಎತ್ತರದ ನೋಟ್ ದಾಟುವಾಗ ಕೆಲವೊಮ್ಮೆ ಗೂನು ಬೀಳುತ್ತದೆ. ಸ್ಲರ್ ಆರಿಸಿದರೆ ಹಿಡಿಕೆಗಳು ಕಾಣುತ್ತವೆ, ನಡುವಿನ ಎರಡನ್ನು ಸ್ವಲ್ಪ ಎತ್ತಿ ಬಾಗನ್ನು ನಯ ಮಾಡಿ. ಇನ್ನೊಂದು, ಉಸಿರಿನ ಗುರುತು. ಅದು ನೋಟ್ ಆದ ಮೇಲೆ, ಮುಂದಿನ ನೋಟ್‌ಗೂ ಮೊದಲು, ಸ್ಟಾಫ್‌ನ ಮೇಲ್ತುದಿಯಲ್ಲಿ ಬರುವ ಅಲ್ಪವಿರಾಮ. ಮೇಲೆ ಪಿ ಕೂಡ ಇದ್ದರೆ ಎರಡೂ ಒತ್ತೊತ್ತಾಗಿ ಕಾಣುತ್ತವೆ. ಪಿ ಯನ್ನು ಅರ್ಧ ಸ್ಪೇಸ್ ಬಲಕ್ಕೆ ಸರಿಸಿದರೆ ಸಾಕು.

ಕೈ ತಪ್ಪಿ ಏನೇನೋ ಆಗಿಹೋದರೆ ಗುರುತನ್ನು ಆರಿಸಿ ಕಂಟ್ರೋಲ್ ಮತ್ತು ಆರ್ ಒತ್ತಿ. ಅದು ತನ್ನ ಸಹಜ ಜಾಗಕ್ಕೆ ಮರಳುತ್ತದೆ. ಬೇರೆಯವರು ಬರೆದ ಫೈಲ್ ನನ್ನ ಕೈಗೆ ಬಂದರೆ ಮೊದಲು ಅದರ ಒಂದು ಪ್ರತಿ ತೆಗೆದು, ಎಲ್ಲವನ್ನೂ ಆರಿಸಿ ಇದನ್ನೇ ಒತ್ತುತ್ತೇನೆ. ಎಳೆದಾಡಿದ್ದೆಲ್ಲ ಕಳಚಿಹೋಗಿ ಅಡಿಯಲ್ಲಿ ಏನಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ.

ಪರೀಕ್ಷೆ ಮತ್ತು ಮುಂದಿನ ಹಾಡು

ಪರದೆಯ ಮೇಲೆ ಜೂಮ್ ಮಾಡಿ ನೋಡಿದ್ದನ್ನು ನಂಬಬೇಡಿ. ಪಿಡಿಎಫ್ ತೆಗೆದು ಒಂದು ಎ4 ಪ್ರಿಂಟ್ ಹಾಕಿ. ಹಂಪನಕಟ್ಟೆಯ ಝೆರಾಕ್ಸ್ ಅಂಗಡಿಗೆ ನಲವತ್ತು ಪ್ರತಿಗೆ ಕೊಡುವ ಮೊದಲು ಆ ಒಂದು ಹಾಳೆಯನ್ನು ಸ್ಟ್ಯಾಂಡ್ ಮೇಲಿಟ್ಟು, ಒಂದು ಕೈ ದೂರ ನಿಂತು, ಒಂದು ಧ್ವನಿಯನ್ನು ಮಾತ್ರ ಹಿಡಿದು ಶುರುವಿನಿಂದ ಕೊನೆವರೆಗೆ ಹಾಡಿ. ನಾನು ಯಾವಾಗಲೂ ಆಲ್ಟೋ ಹಾಡುತ್ತೇನೆ. ಮೇಲೂ ಕೆಳಗೂ ನೆರೆಯವರಿರುವ ಸಾಲು ಅದು, ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪ್ರತಿ ಪಿ, ಎಫ್ ಬಂದಾಗ "ಇದು ಯಾರಿಗೆ" ಎಂದು ಒಂದು ಗಳಿಗೆಯಾದರೂ ಯೋಚಿಸಬೇಕಾಗಿ ಬಂದರೆ ಆ ಗುರುತಿನ ಪಕ್ಕ ಪೆನ್ಸಿಲ್ ಗೆರೆ ಹಾಕಿ, ಮರಳಿ ಕಂಪ್ಯೂಟರ್‌ಗೆ. ಆಮೇಲೆ ನಾಲ್ಕೂ ಪಾರ್ಟ್ ಬೇರೆ ಬೇರೆಯಾಗಿ ತೆರೆದು ಟೆಂಪೋ ಮತ್ತು ರಿಹರ್ಸಲ್ ಮಾರ್ಕ್ ಎಲ್ಲದರಲ್ಲೂ ಬಂದಿದೆಯೇ ನೋಡಿ.

ಎಲ್ಲ ಸರಿ ಕಂಡರೆ ಫಾರ್ಮ್ಯಾಟ್ ಮೆನುವಿನಲ್ಲಿ ಸೇವ್ ಸ್ಟೈಲ್ ಒತ್ತಿ. ಸ್ಪೇಸ್‌ನ ಅಳತೆ, ಕನ್ನಡ ಫಾಂಟ್, ಲೈನ್ ಹೈಟ್, ಕಾರ್ಡ್‌ಗಳ ಎತ್ತರ ಎಲ್ಲ ಒಂದು ಸಣ್ಣ ಫೈಲ್‌ನಲ್ಲಿ ಉಳಿಯುತ್ತದೆ. ಮುಂದಿನ ಹಾಡಿಗೆ ನೋಟ್ ಮತ್ತು ಸಾಹಿತ್ಯ ತುಂಬಿಸಿ, ಲೋಡ್ ಸ್ಟೈಲ್‌ನಲ್ಲಿ ಆ ಫೈಲ್ ಆರಿಸಿದರೆ ಆಯಿತು. ಕಳೆದ ಈಸ್ಟರ್‌ಗೆ ಆರು ಹಾಡನ್ನು ಹೀಗೆ ಸಿದ್ಧ ಮಾಡಿದೆ. ಆರರಲ್ಲಿ ಸೇರಿ ಕೈಯಿಂದ ಸರಿಸಿದ್ದು ಐದು ಸ್ಲರ್, ಮೂರು ಪಿ.